ಎದೆಯುರಿಗೆ ಮಿರ್ಚಿಯೊಂದೇ ಕಾರಣವಲ್ಲ

ಬೆಳಗಿನ ಎಂಟು ಗಂಟೆಗೆ ನಮ್ಮ ಗಾದಿಗನೂರಿನ ಯಾವುದೇ ಸಣ್ಣ ಹೋಟೆಲಿನ ಮುಂದೆ ನಿಂತರೂ ಎರಡು ವಾಸನೆ ಒಟ್ಟಿಗೆ ಬರುತ್ತವೆ. ಒಂದು ಕುದಿಯುವ ಚಹಾದ್ದು, ಇನ್ನೊಂದು ಬಾಣಲೆಯಲ್ಲಿ ಬೇಯುವ ಮಿರ್ಚಿಯದು. ಹೊಸಪೇಟೆ, ಕಂಪ್ಲಿ, ಸಂಡೂರು, ಎತ್ತ ಹೋದರೂ ನಮ್ಮ ಭಾಗದ ಬೆಳಗಿನ ತಿಂಡಿ ಅಂದರೆ ಒಗ್ಗರಣೆ-ಮಿರ್ಚಿ. ನೆನೆಸಿ ಹಿಂಡಿದ ಮಂಡಕ್ಕಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಅರಿಶಿನದ ಒಗ್ಗರಣೆ, ಮೇಲೆ ಪುಟಾಣಿ ಪುಡಿ. ಪಕ್ಕದಲ್ಲಿ ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ಉದ್ದನೆಯ ಮೆಣಸಿನಕಾಯಿ. ತಿಂದವರಲ್ಲಿ ಒಬ್ಬಿಬ್ಬರು ಹತ್ತು ಗಂಟೆ ಹೊತ್ತಿಗೆ ಎದೆ ನೀವಿಕೊಳ್ಳುತ್ತಾ, "ಯಾಕೋ ಗ್ಯಾಸ್ ಆಗೈತ್ರಿ" ಎಂದು ಔಷಧಿ ಅಂಗಡಿಯ ಕಡೆ ನಡೆಯುತ್ತಾರೆ.

ಈ 'ಗ್ಯಾಸ್' ಎಂಬುದು ನಮ್ಮಲ್ಲಿ ರೋಗದ ಹೆಸರಾಗಿ ಉಳಿದಿಲ್ಲ, ದೊಡ್ಡ ಗೋಡೌನ್ ಆಗಿಬಿಟ್ಟಿದೆ. ಹೊಟ್ಟೆ ಉಬ್ಬರಿಸಿದರೆ ಗ್ಯಾಸ್, ತೇಗು ಬಂದರೆ ಗ್ಯಾಸ್, ಬೆನ್ನು ಹಿಡಿದರೆ ಗ್ಯಾಸ್, ತಲೆ ನೋವಾದರೆ ಗ್ಯಾಸು ತಲೆಗೆ ಏರಿದೆ! ಎದೆಯುರಿಯನ್ನೂ ಅದರೊಳಗೇ ತುರುಕಿದ್ದೇವೆ. ಅದನ್ನು ಹೊರಗೆ ತೆಗೆದು ಬೇರೆ ಇಡುವುದು ಅವಶ್ಯ. ದಿನನಿತ್ಯದ ನಾಲ್ಕು ಅಭ್ಯಾಸ ಬದಲಿಸಿದರೆ ಬಹಳಷ್ಟು ಮಂದಿಗೆ ಅದು ಕಡಿಮೆಯಾಗುತ್ತದೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಇದಕ್ಕಿಂತ ಗಂಭೀರವಾದದ್ದು, ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಮೊದಲು ಒಳಗೆ ಏನು ನಡೆಯುತ್ತದೆ ನೋಡೋಣ. ಬಾಯಿಂದ ಜಠರಕ್ಕೆ ಆಹಾರ ಇಳಿಯುವ ನಳಿಕೆಗೆ ಅನ್ನನಾಳ ಎಂದು ಹೆಸರು. ದೊಡ್ಡವರಲ್ಲಿ ಅದರ ಉದ್ದ ಸುಮಾರು 25 ಸೆಂಟಿಮೀಟರ್, ಅಂದರೆ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು. ಅದು ಜಠರವನ್ನು ಸೇರುವ ಜಾಗದಲ್ಲಿ ಉಂಗುರದಂಥ ಒಂದು ಸ್ನಾಯು ಇದೆ. ಅಜ್ಜಿಯರ ಎಲೆಯಡಿಕೆ ಸಂಚಿಯನ್ನು ನೋಡಿದ ಮಕ್ಕಳಿಗೆ ಇದು ಬೇಗ ತಿಳಿಯುತ್ತದೆ. ದಾರ ಎಳೆದರೆ ಸಂಚಿಯ ಬಾಯಿ ಮುಚ್ಚುತ್ತದೆ, ಸಡಿಲ ಬಿಟ್ಟರೆ ತೆರೆಯುತ್ತದೆ. ತುತ್ತು ಬಂದಾಗ ಈ ಸ್ನಾಯು ತೆರೆದು, ತುತ್ತು ಇಳಿದ ಕೂಡಲೇ ಬಿಗಿಯಾಗಬೇಕು. ಅದು ಹೊತ್ತಲ್ಲದ ಹೊತ್ತಿನಲ್ಲಿ ಸಡಿಲಾದರೆ ಜಠರದ ಆಮ್ಲ ಮೇಲಕ್ಕೆ ನುಗ್ಗುತ್ತದೆ. ಜಠರದ ಒಳಗೋಡೆಗೆ ಲೋಳೆಯ ದಪ್ಪ ಲೇಪನವಿದೆ, ಆಮ್ಲ ಅದನ್ನು ಸುಲಭವಾಗಿ ಸುಡಲಾರದು. ಅನ್ನನಾಳಕ್ಕೆ ಅಂಥ ರಕ್ಷಣೆ ಇಲ್ಲ. ಎದೆಯ ಮೂಳೆಯ ಹಿಂದೆ ಉರಿ, ಗಂಟಲಿಗೆ ಹುಳಿ ನೀರು, ಕೆಲವರಿಗೆ ರಾತ್ರಿ ಒಣ ಕೆಮ್ಮು, ಎಲ್ಲ ಇದರಿಂದಲೇ. ಉರಿಸುವುದು ದ್ರವ, ಗಾಳಿಯಲ್ಲ.

ಈ ಆಮ್ಲ ಸಾಮಾನ್ಯದ್ದಲ್ಲ. ಶಾಲೆಯ ಪ್ರಯೋಗಶಾಲೆಯಲ್ಲಿ ಗಾಜಿನ ಬಾಟಲಿಯ ಮೇಲೆ ಹೆಸರು ಬರೆದಿಡುವ ಹೈಡ್ರೋಕ್ಲೋರಿಕ್ ಆಮ್ಲವೇ ನಮ್ಮ ಹೊಟ್ಟೆಯಲ್ಲೂ ಇದೆ. ಜಠರ ಹೇಗೆ ಕೆಲಸ ಮಾಡುತ್ತದೆಂದು ಮನುಷ್ಯನಿಗೆ ಕಣ್ಣಾರೆ ಕಾಣಿಸಿದ್ದು ಒಂದು ಅಪಘಾತ. 1822ರ ಜೂನ್ 6ರಂದು ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ತುಪ್ಪಳ ವ್ಯಾಪಾರದ ಕೂಲಿಯಾಳಿಗೆ ಆಕಸ್ಮಿಕವಾಗಿ ಬಂದೂಕಿನ ಗುಂಡು ತಗುಲಿತು. ಸೈನ್ಯದ ವೈದ್ಯ ವಿಲಿಯಂ ಬ್ಯೂಮಾಂಟ್ ಅವನನ್ನು ಬದುಕಿಸಿದ. ಆದರೆ ಗಾಯ ಮಾಯುವಾಗ ಹೊಟ್ಟೆಯ ಮೇಲಿನ ತೂತು ಮುಚ್ಚಲೇ ಇಲ್ಲ, ಅದು ನೇರ ಜಠರಕ್ಕೆ ಕಿಟಕಿಯಾಗಿ ಉಳಿಯಿತು. ಬ್ಯೂಮಾಂಟ್ ರೇಷ್ಮೆ ದಾರಕ್ಕೆ ಮಾಂಸದ ತುಂಡು, ರೊಟ್ಟಿಯ ತುಂಡು ಕಟ್ಟಿ ಆ ತೂತಿನಿಂದ ಒಳಗೆ ಇಳಿಬಿಟ್ಟು, ಗಂಟೆಗೊಮ್ಮೆ ಎಳೆದು ನೋಡುತ್ತಿದ್ದ! ಯಾವುದು ಬೇಗ ಕರಗುತ್ತದೆ, ಯಾವುದು ತಡ, ಎಲ್ಲವನ್ನೂ ಬರೆದಿಟ್ಟು 1833ರಲ್ಲಿ ಪುಸ್ತಕ ಮಾಡಿದ. ಸಿಟ್ಟು ಬಂದಾಗ ಜೀರ್ಣಕ್ರಿಯೆ ಕೆಡುತ್ತದೆಂಬುದನ್ನೂ ಗಮನಿಸಿದ್ದ. ಸೇಂಟ್ ಮಾರ್ಟಿನ್‌ಗೆ ಈ ಪ್ರಯೋಗಗಳು ಸಾಕಾಗಿ ಆಗಾಗ ಊರಿಗೆ ಓಡಿಹೋಗುತ್ತಿದ್ದನಂತೆ, ಅದು ಸಹಜವೇ. ಹೊಟ್ಟೆಯ ತೂತಿನೊಂದಿಗೇ ಅವನು 1880ರವರೆಗೆ ಬದುಕಿದ್ದ.

ಈಗ ನಮ್ಮ ಮಿರ್ಚಿಗೆ ಬರೋಣ. ಎದೆಯುರಿ ಎಂದ ಕೂಡಲೇ ಎಲ್ಲರೂ ಬೆರಳು ತೋರಿಸುವುದು ಖಾರದ ಕಡೆ. ಮೆಣಸಿನಕಾಯಿಯಲ್ಲಿ ಕ್ಯಾಪ್ಸೈಸಿನ್ ಎಂಬ ವಸ್ತು ಇದೆ. ಬಿಸಿ ತಾಗಿದಾಗ ಎಚ್ಚರಿಸುವ ನರಗಳನ್ನೇ ಅದು ಕೆಣಕುತ್ತದೆ. ಹಾಗಾಗಿ ತಣ್ಣಗಿನ ಮೆಣಸಿನಕಾಯಿಯೂ ಬಾಯಿ ಸುಟ್ಟಂತೆ ಅನಿಸುತ್ತದೆ. ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಬಹುಮಾನದಲ್ಲಿ ಪಾಲು ಸಿಕ್ಕಿತು. ಮೊದಲೇ ಆಮ್ಲ ತಾಗಿ ಹುಣ್ಣಾದ ಅನ್ನನಾಳಕ್ಕೆ ಖಾರ ಬಿದ್ದರೆ ಉರಿ ಹೆಚ್ಚುತ್ತದೆ, ಅನುಮಾನವಿಲ್ಲ. ಅಂಥವರು ಖಾರ ಕಡಿಮೆ ಮಾಡಲೇಬೇಕು. ಆದರೆ ಆಮ್ಲವನ್ನು ಮೇಲಕ್ಕೆ ತಳ್ಳುವುದರಲ್ಲಿ ಮಿರ್ಚಿಯೊಳಗಿನ ಮೆಣಸಿನಕಾಯಿಗಿಂತ ಹೊರಗಿನ ಎಣ್ಣೆಯ ಪಾಲು ದೊಡ್ಡದು ಎಂಬುದು ನನ್ನ ಅಭಿಪ್ರಾಯ. ಕೊಬ್ಬು ಹೆಚ್ಚಾದ ಆಹಾರ ಜಠರದಲ್ಲಿ ಹೆಚ್ಚು ಹೊತ್ತು ಕೂರುತ್ತದೆ, ಸಂಚಿಯ ದಾರವನ್ನೂ ಸಡಿಲ ಮಾಡುತ್ತದೆ.

ಪ್ರಸಂಗ ಬಂತೆಂದು ಒಂದು ಮಾತು. ಹಂಪಿಯನ್ನು ನೋಡಲು ಬರುವವರು, ವಿಜಯನಗರದ ಅರಸರು ಎಂಥ ಖಾರದ ಊಟ ಉಣ್ಣುತ್ತಿದ್ದರೋ ಎಂದು ಕೇಳುವುದುಂಟು. 1446ರಲ್ಲಿ ತೀರಿಕೊಂಡ ಪ್ರೌಢದೇವರಾಯ ಮೆಣಸಿನಕಾಯಿಯನ್ನು ಕಣ್ಣಲ್ಲೂ ಕಂಡಿರಲಿಲ್ಲ. ಅದು ಅಮೆರಿಕ ಖಂಡದ ಬೆಳೆ, ಪೋರ್ಚುಗೀಸರ ಹಡಗು ಏರಿ ಇಲ್ಲಿಗೆ ಬಂದಿದ್ದು ಆಮೇಲೆ. ಅಲ್ಲಿಯವರೆಗೆ ನಮ್ಮ ಅಡುಗೆಯ ಖಾರವೆಂದರೆ ಕಾಳುಮೆಣಸು, ಶುಂಠಿ. ಮೆಣಸಿನಕಾಯಿ ಬರುವ ಮೊದಲೂ ಎದೆಯುರಿ ಇತ್ತು. ಆಯುರ್ವೇದದ ಮಾಧವ ನಿದಾನದಲ್ಲಿ ಇದನ್ನು ಹೋಲುವ ಆಮ್ಲಪಿತ್ತಕ್ಕೇ ಒಂದು ಅಧ್ಯಾಯವಿದೆ. ಅಂದಮೇಲೆ ತಪ್ಪನ್ನೆಲ್ಲ ಮೆಣಸಿನಕಾಯಿಯ ತಲೆಗೆ ಕಟ್ಟುವುದು ನ್ಯಾಯವಲ್ಲ.

ಏನು ತಿಂದೆವು ಎಂಬಷ್ಟೇ ಮುಖ್ಯವಾದದ್ದು ಎಷ್ಟು ತಿಂದೆವು, ಯಾವಾಗ ತಿಂದೆವು, ತಿಂದ ಮೇಲೆ ಏನು ಮಾಡಿದೆವು ಎಂಬುದು. ಬೆಳಿಗ್ಗೆ ಎರಡು ಮಿರ್ಚಿ ತಿಂದು ಹೊಲಕ್ಕೆ ನಡೆದುಕೊಂಡು ಹೋದವನಿಗೆ ಏನೂ ಆಗದಿರಬಹುದು. ರಾತ್ರಿ ಹತ್ತೂವರೆಗೆ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮೇಲೆ ಅನ್ನ ಸಾರು ಹೊಟ್ಟೆ ಬಿರಿಯೆ ಉಂಡು ಹತ್ತು ಮುಕ್ಕಾಲಿಗೆ ಮಲಗಿದವನಿಗೆ ನಡುರಾತ್ರಿ ಉರಿ ತಪ್ಪಿದ್ದಲ್ಲ. ಊಟ ಜಠರ ಬಿಟ್ಟು ಮುಂದೆ ಸಾಗಲು ಮೂರು ನಾಲ್ಕು ಗಂಟೆ ಬೇಕು. ನಿಂತಾಗ, ಕೂತಾಗ ಆಮ್ಲ ತಾನಾಗಿ ಕೆಳಗಿರುತ್ತದೆ. ಮಲಗಿದಾಗ ತುಂಬಿದ ಬಿಂದಿಗೆಯನ್ನು ಅಡ್ಡ ಮಾಡಿದ ಹಾಗೆ. ನಿದ್ದೆಯಲ್ಲಿ ಜೊಲ್ಲು ಕಡಿಮೆ, ನುಂಗುವುದೂ ಕಡಿಮೆ. ಹಗಲಲ್ಲಾದರೆ ಮೇಲೆ ಬಂದ ಆಮ್ಲವನ್ನು ಜೊಲ್ಲು ತೊಳೆದು ಕಳಿಸುತ್ತದೆ, ರಾತ್ರಿ ಅದು ಅಲ್ಲೇ ನಿಂತು ಸುಡುತ್ತದೆ.

ನಮ್ಮೂರ ಸುತ್ತ ತಡವಾಗಿ ಉಣ್ಣುವವರು ಸೋಮಾರಿಗಳಲ್ಲ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಪಾಳಿ ಕೆಲಸಕ್ಕೆ ಹೋಗುವ ಹುಡುಗರು ಮನೆ ಮನೆಯಲ್ಲಿದ್ದಾರೆ. ಎರಡನೇ ಪಾಳಿ ಮುಗಿಸಿ ಮನೆ ಮುಟ್ಟುವಾಗ ರಾತ್ರಿ ಹನ್ನೊಂದಾಗಿರುತ್ತದೆ. ಹಸಿವು ಬೇರೆ, ನಿದ್ದೆ ಬೇರೆ. ಅವರಿಗೆ "ಸಂಜೆ ಏಳಕ್ಕೇ ಉಣ್ಣಪ್ಪಾ" ಎಂದು ಉಪದೇಶ ಮಾಡಿ ಏನು ಪ್ರಯೋಜನ? ಮಾಡಬಹುದಾದದ್ದು ಇಷ್ಟು. ರೊಟ್ಟಿ, ಪಲ್ಯ, ಕಾಳು ಇರುವ ದೊಡ್ಡ ಊಟವನ್ನು ಬುತ್ತಿಯಲ್ಲಿ ಒಯ್ದು ಕೆಲಸದ ನಡುವಿನ ವಿರಾಮದಲ್ಲಿ ಉಣ್ಣುವುದು. ಮನೆಗೆ ಬಂದ ಮೇಲೆ ಸ್ವಲ್ಪ ಮಜ್ಜಿಗೆ ಅನ್ನವೋ, ಒಂದು ಬಾಳೆಹಣ್ಣೋ ಸಾಕು. ರಾತ್ರಿ ಪಾಳಿಯವರಿಗೂ ಇದೇ ಲೆಕ್ಕ. ಬೆಳಿಗ್ಗೆ ಬಂದವರೇ ಒಗ್ಗರಣೆ-ಮಿರ್ಚಿ ಬಾರಿಸಿ ಮಲಗಿದರೆ, ಗಡಿಯಾರದಲ್ಲಿ ಬೆಳಗಾಗಿದ್ದರೂ ಅವರ ಹೊಟ್ಟೆಗೆ ಅದು ನಡುರಾತ್ರಿಯ ಊಟವೇ.

ಇನ್ನೊಬ್ಬರು ಇದ್ದಾರೆ, ಅವರ ಪಾಳಿ ಯಾರ ಲೆಕ್ಕಕ್ಕೂ ಬರುವುದಿಲ್ಲ. ಮನೆಯವರಿಗೆಲ್ಲ ಬಡಿಸಿ, ಮಕ್ಕಳನ್ನು ಮಲಗಿಸಿ, ಉಳಿದದ್ದನ್ನು ಬಳಿದು ಕೊನೆಗೆ ಉಣ್ಣುವ ಮನೆಯೊಡತಿ. ಪಾತ್ರೆ ಬೆಳಗಿ ಮುಗಿಯುವುದರೊಳಗೆ ಬೆಳಿಗ್ಗೆ ಐದರ ಚಿಂತೆ ಹತ್ತಿ, ಹಾಗೇ ಒರಗುತ್ತಾಳೆ. ಅವಳ ಎದೆಯುರಿಗೆ ಮಾತ್ರೆ ತಂದುಕೊಡುವ ಗಂಡಂದಿರು, "ಬಾ, ನೀನೂ ನಮ್ಮ ಜೊತೆ ಎಂಟಕ್ಕೇ ಕೂತು ಉಣ್ಣು" ಎಂದು ಕರೆಯುವುದು ಅಪರೂಪ. ಧಾರಾವಾಹಿ ಮುಗಿದ ಮೇಲೆ ಊಟ ಎಂಬ ಮನೆಗಳಲ್ಲಂತೂ ಇಡೀ ಸಂಸಾರವೇ ತುಂಬಿದ ಹೊಟ್ಟೆಯಲ್ಲಿ ಮಲಗುತ್ತದೆ. ಊಟ ಮೊದಲಾಗಲಿ, ಧಾರಾವಾಹಿಯನ್ನು ಕೂತು ನೋಡಿದರೆ ಅದೇ ಔಷಧ.

ಬಾಗುವುದೂ ಮಲಗಿದಷ್ಟೇ ಕೆಟ್ಟದ್ದು. ಕಂಪ್ಲಿ ಕಡೆಯ ಭತ್ತದ ಗದ್ದೆಗಳಲ್ಲಿ ನಾಟಿ ಮಾಡುವ, ಕಳೆ ತೆಗೆಯುವ ಹೆಣ್ಣುಮಕ್ಕಳು ಮಧ್ಯಾಹ್ನದ ಬುತ್ತಿ ಉಂಡು ಮತ್ತೆ ಸೊಂಟ ಬಗ್ಗಿಸಿ ನಿಲ್ಲುತ್ತಾರೆ. ಹೊಟ್ಟೆ ಹಿಸುಕಿದಂತಾಗಿ ಹುಳಿನೀರು ಗಂಟಲಿಗೆ ಬರುತ್ತದೆ. ಉಂಡ ಮೇಲೆ ಅರ್ಧ ಗಂಟೆ ಸಸಿ ಕಟ್ಟು ಹಂಚುವುದೋ, ಬದುವಿನ ಮೇಲೆ ನಿಂತು ಮಾಡುವ ಬೇರೆ ಕೆಲಸವೋ ಸಿಕ್ಕರೆ ಒಳ್ಳೆಯದು. ಲಂಗದ ಲಾಡಿ, ಪ್ಯಾಂಟಿನ ಬೆಲ್ಟ್ ಉಸಿರು ಕಟ್ಟುವಂತೆ ಬಿಗಿಯುವುದು, ಹೊಟ್ಟೆಯ ಬೊಜ್ಜು, ಇವೂ ಜಠರವನ್ನು ಹೊರಗಿನಿಂದ ಒತ್ತುತ್ತವೆ. ತೂಕ ಹೆಚ್ಚಿದ್ದವರು ಅದನ್ನು ಸ್ವಲ್ಪ ಇಳಿಸಿಕೊಂಡರೂ ಎದೆಯುರಿ ಕಡಿಮೆಯಾಗುತ್ತದೆ. ಬಸುರಿಯರಲ್ಲಿ ಬೆಳೆಯುವ ಗರ್ಭದ ಒತ್ತಡದ ಜೊತೆಗೆ ಹಾರ್ಮೋನು ಕೂಡ ಆ ಸ್ನಾಯುವನ್ನು ಸಡಿಲ ಮಾಡುವುದರಿಂದ ಉರಿ ಬಹಳ ಸಾಮಾನ್ಯ, ಹೆರಿಗೆಯ ನಂತರ ತಾನಾಗಿ ಹೋಗುತ್ತದೆ. ಎಳೆ ಕೂಸುಗಳು ಕುಡಿದ ಹಾಲನ್ನು ಕಕ್ಕುವುದೂ ಈ ಸ್ನಾಯು ಇನ್ನೂ ಬಲಿತಿಲ್ಲದ ಕಾರಣಕ್ಕೇ. ತೂಕ ಸರಿಯಾಗಿ ಏರುತ್ತಿದ್ದರೆ ಗಾಬರಿ ಬೇಡ.

ಬೀಡಿ, ಸಿಗರೇಟು, ಗುಟ್ಕಾ, ತಂಬಾಕಿನ ಎಲೆಯಡಿಕೆ, ಹೆಂಡ, ಇವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎದೆಯುರಿ ಅವು ಮಾಡುವ ಹಾನಿಯಲ್ಲಿ ಅತಿ ಚಿಕ್ಕದು. ಚಹಾ, ಕಾಫಿ, ಚಾಕಲೇಟು, ಪೆಪ್ಪರ್‌ಮಿಂಟು ಕೆಲವರಿಗೆ ಆಗುವುದಿಲ್ಲ, ಕೆಲವರಿಗೆ ಏನೂ ಮಾಡುವುದಿಲ್ಲ. ಮಕ್ಕಳು ಇಷ್ಟಪಡುವ ಬಣ್ಣದ ಸೋಡಾ, ನಮ್ಮ ಕಾಲದ ಗೋಲಿ ಸೋಡಾ, ಎರಡರಲ್ಲೂ ಇರುವ ಗಾಳಿ ಹೊಟ್ಟೆಯನ್ನು ಉಬ್ಬಿಸಿ, ತೇಗಿನ ಜೊತೆ ಆಮ್ಲವನ್ನೂ ಮೇಲೆ ತರುತ್ತದೆ. ಯಾರಿಗೆ ಯಾವುದು ಆಗದು ಎಂದು ತಿಳಿಯಲು ಒಂದು ಸುಲಭ ದಾರಿಯಿದೆ. ಬ್ಯಾಂಕಿನಲ್ಲಿ ದಿನದ ಕೊನೆಗೆ ನಾವು ಡೇಬುಕ್ ಬರೆಯುತ್ತಿದ್ದ ಹಾಗೆ, ಎರಡು ವಾರ ಒಂದು ಹಳೆ ನೋಟುಬುಕ್ಕಿನಲ್ಲಿ ಬರೆಯಿರಿ. ಉಂಡದ್ದು ಏನು, ಎಷ್ಟು ಗಂಟೆಗೆ, ಮಲಗಿದ್ದು ಎಷ್ಟಕ್ಕೆ, ಉರಿ ಬಂದದ್ದು ಯಾವಾಗ. ಲೆಕ್ಕ ತಾನೇ ಮಾತಾಡುತ್ತದೆ. ವೈದ್ಯರ ಬಳಿ ಹೋಗುವಾಗ ಆ ಪುಸ್ತಕ ಒಯ್ದರೆ ಅವರಿಗೂ ಅನುಕೂಲ.

ಮಾತ್ರೆಗಳ ಹಾಳೆಗಳನ್ನೂ ಒಯ್ಯಿರಿ. ವಯಸ್ಸಾದವರ ಎದೆಯುರಿ ಎಷ್ಟೋ ಸಲ ಬೇರೆ ರೋಗದ ಮಾತ್ರೆಯಿಂದ ಬಂದಿರುತ್ತದೆ. ಮಂಡಿನೋವಿಗೆ ನುಂಗುವ ಐಬುಪ್ರೊಫೇನ್, ಡೈಕ್ಲೋಫೆನಾಕ್‌ನಂಥವು ಹೊಟ್ಟೆಯ ಗೋಡೆಯನ್ನೇ ಕೆರೆಯುತ್ತವೆ. ರಕ್ತದೊತ್ತಡದ ಕೆಲವು ಮಾತ್ರೆಗಳು ಆ ಉಂಗುರ ಸ್ನಾಯುವನ್ನು ಸಡಿಲಿಸುತ್ತವೆ. ಹಾಗೆಂದು ಬಿಪಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ. ಮೂಳೆ ಸವೆತಕ್ಕೆ ವಾರಕ್ಕೊಮ್ಮೆ ಕೊಡುವ ಅಲೆಂಡ್ರೊನೇಟ್ ಮಾತ್ರೆಯನ್ನು ಒಂದು ಲೋಟ ತುಂಬ ನೀರಿನೊಂದಿಗೆ ನುಂಗಿ ಅರ್ಧ ಗಂಟೆ ಮಲಗದೆ ಇರಬೇಕು. ಗುಟುಕು ನೀರಿನಲ್ಲಿ ನುಂಗಿ ಮಲಗಿದರೆ ಅದು ಅನ್ನನಾಳದಲ್ಲೇ ಅಂಟಿ ಸುಡುತ್ತದೆ.

ಇನ್ನು ಉರಿಗೆಂದೇ ತೆಗೆದುಕೊಳ್ಳುವ ಔಷಧಗಳು. ತಣ್ಣನೆಯ ಹಾಲು ಕುಡಿದ ಕ್ಷಣ ಹಾಯೆನಿಸುತ್ತದೆ, ಆಮೇಲೆ ಹಾಲಿನ ಕೊಬ್ಬು ಮತ್ತು ಪ್ರೋಟೀನು ಹೊಸ ಆಮ್ಲ ಸುರಿಸುತ್ತವೆ. ನೀರಿಗೆ ಹಾಕಿದರೆ ನೊರೆಯೇಳುವ ಪುಡಿಗಳಲ್ಲಿ ಸೋಡಿಯಂ ಹೆಚ್ಚು. ಬಿಪಿ, ಮೂತ್ರಪಿಂಡದ ತೊಂದರೆ ಇರುವವರು ಅದನ್ನು ದಿನಾ ಕುಡಿಯಬಾರದು. ಬಹಳ ವರ್ಷ ಮನೆಮಾತಾಗಿದ್ದ ರ‍್ಯಾನಿಟಿಡಿನ್ ಮಾತ್ರೆಯನ್ನು 2022ರಲ್ಲಿ ಭಾರತ ಸರ್ಕಾರ ಅವಶ್ಯಕ ಔಷಧಗಳ ಪಟ್ಟಿಯಿಂದ ತೆಗೆಯಿತು. ಈಗ ಎಲ್ಲೆಡೆ ಚಲಾವಣೆಯಲ್ಲಿರುವುದು ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್. ಒಳ್ಳೆಯ ಔಷಧಗಳೇ. ಆದರೆ ಇವು ಆಮ್ಲ ಸುರಿಸುವ ಪಂಪನ್ನು ತಡೆಯುವಂಥವು, ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಂಡರೆ ಮಾತ್ರ ಪೂರ್ತಿ ಕೆಲಸ ಮಾಡುತ್ತವೆ. ಉಂಡು, ಉರಿ ಹತ್ತಿದ ಮೇಲೆ ನುಂಗಿ "ಈ ಮಾತ್ರೆ ನನಗೆ ಹಿಡಿಯೋದಿಲ್ಲ" ಎನ್ನುವವರೇ ಹೆಚ್ಚು. ಮದುವೆ ಊಟಕ್ಕೆ ಮುಂಚೆ ಒಂದು, ಜಾತ್ರೆಗೆ ಮುಂಚೆ ಒಂದು ಎಂದು ವರ್ಷಗಟ್ಟಲೆ ನುಂಗುವುದೂ ಸರಿಯಲ್ಲ. ದೀರ್ಘಕಾಲ ತೆಗೆದುಕೊಂಡವರಲ್ಲಿ ಬಿ12 ಜೀವಸತ್ವ ಕಡಿಮೆಯಾಗಬಹುದು. ಒಮ್ಮೆಲೇ ನಿಲ್ಲಿಸಿದರೆ ಉರಿ ಕೆಲವು ದಿನ ಮೊದಲಿಗಿಂತ ಜೋರಾಗಬಹುದು. ವಾರಕ್ಕೆ ಎರಡು ಮೂರು ಸಲ ಉರಿ ಬರುತ್ತಿದ್ದರೆ ಅಂಗಡಿಯವನ ಬದಲು ವೈದ್ಯರನ್ನು ಕಾಣುವುದೇ ಸರಿ. ನುಂಗಿದ ತುತ್ತು ಎದೆಯಲ್ಲಿ ನಿಂತಂತಾಗುವುದು, ಕಪ್ಪು ಮಲ, ರಕ್ತ ವಾಂತಿ, ಕಾರಣವಿಲ್ಲದೆ ತೂಕ ಇಳಿಯುವುದು, ಇವುಗಳಲ್ಲಿ ಒಂದಿದ್ದರೂ ತಡಮಾಡಬಾರದು.

ರಾತ್ರಿಯ ಉರಿಗೆ ಖರ್ಚಿಲ್ಲದ ಉಪಾಯ ಎರಡು ಇವೆ. ಮಂಚದ ತಲೆದೆಸೆಯ ಎರಡು ಕಾಲುಗಳ ಕೆಳಗೆ ಎರಡೆರಡು ಇಟ್ಟಿಗೆ ಇಟ್ಟರೆ ಆರು ಅಂಗುಲ ಎತ್ತರವಾಗುತ್ತದೆ. ಎದೆ ಹೊಟ್ಟೆಗಿಂತ ಮೇಲಿರುತ್ತದೆ. ಎರಡು ದಿಂಬು ಇಟ್ಟುಕೊಂಡರೆ ಇದೇ ಆಗುವುದಿಲ್ಲವೇ ಎಂದು ಕೇಳುತ್ತಾರೆ. ಆಗುವುದಿಲ್ಲ, ಕುತ್ತಿಗೆ ಮಾತ್ರ ಮಡಚಿ ಹೊಟ್ಟೆ ಇನ್ನಷ್ಟು ಒತ್ತುತ್ತದೆ. ಎರಡನೆಯದು ಎಡ ಮಗ್ಗುಲಾಗಿ ಮಲಗುವುದು. ಜಠರ ಎಡಕ್ಕೆ ವಾಲಿರುವ ಚೀಲ. ಎಡ ಮಗ್ಗುಲಾದರೆ ಆಮ್ಲ ಚೀಲದ ತಳದಲ್ಲಿ ನಿಲ್ಲುತ್ತದೆ, ಬಾಯಿ ಮೇಲಿರುತ್ತದೆ. ಈಗಿನ ವೈದ್ಯರು ಅಳೆದು ನೋಡಿ ಹೇಳುವ ಇದು ನಮಗೆ ಹೊಸತಲ್ಲ. ಉಂಡ ಮೇಲೆ ಒಂದಷ್ಟು ಹೆಜ್ಜೆ ನಡೆದು, ಬಲಭುಜ ಮೇಲಾಗುವಂತೆ ಮಲಗುವವನಿಗೆ ವೈದ್ಯನ ಹಂಗಿಲ್ಲ ಎಂಬ ಅರ್ಥದ ತ್ರಿಪದಿ ಸರ್ವಜ್ಞನ ಹೆಸರಿನಲ್ಲಿದೆ. ಬಲಭುಜ ಮೇಲಾದರೆ ಎಡ ಮಗ್ಗುಲೇ ಆಯಿತಲ್ಲ!

ಈಗ ಮೊದಲೇ ಹೇಳಿದ ಗಂಭೀರ ವಿಷಯ. ನಮ್ಮ ಓಣಿಯಲ್ಲಿ ಐವತ್ತರ ಆಸುಪಾಸಿನ ಒಬ್ಬ ರೈತರು ಒಂದು ಸಂಜೆ ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತರು. "ಏನಿಲ್ಲ, ಗ್ಯಾಸ್ ಆಗೈತೆ, ಒಂದು ಸೋಡಾ ತರ್ಸು" ಎಂದರು. ಅವರ ಹೆಂಡತಿ ಸೋಡಾ ತರಿಸಲಿಲ್ಲ. "ಗ್ಯಾಸಿಗೆ ಇಷ್ಟು ಬೆವರು ಯಾಕ್ ಬರ್ತೈತ್ರಿ? ಅಂಗಿ ಎಲ್ಲಾ ತೊಯ್ದೈತೆ" ಎಂದವಳೇ ಗಾಡಿ ಕರೆಸಿ ಆಸ್ಪತ್ರೆಗೆ ಹೊರಡಿಸಿದಳು. ಹೃದಯಾಘಾತವಾಗಿತ್ತು. ಇವತ್ತಿಗೂ ಅವರು ಹೊಲಕ್ಕೆ ಹೋಗುತ್ತಿದ್ದಾರೆ.

ಎದೆಯುರಿಯ ಹೆಸರಿನಲ್ಲಿ ಹೃದಯಾಘಾತ ಮನೆಯೊಳಗೆ ಬರುವುದು ಹೀಗೆ. ಆಮ್ಲದ ಉರಿ ಸಾಮಾನ್ಯವಾಗಿ ಉಂಡ ಮೇಲೆ, ಬಾಗಿದಾಗ, ಮಲಗಿದಾಗ ಬರುತ್ತದೆ, ಹುಳಿತೇಗು ಜೊತೆಗಿರುತ್ತದೆ. ಹೃದಯದ ನೋವು ಹೆಚ್ಚಾಗಿ ಎದೆಯ ಮೇಲೆ ಭಾರ ಇಟ್ಟಂತೆ, ಹಿಂಡಿದಂತೆ ಇರುತ್ತದೆ. ಎಡಗೈ, ದವಡೆ, ಬೆನ್ನಿಗೆ ಹರಡುತ್ತದೆ. ನಡೆದಾಗ, ಮೆಟ್ಟಿಲು ಹತ್ತಿದಾಗ ಹೆಚ್ಚುತ್ತದೆ. ತಣ್ಣನೆಯ ಬೆವರು, ಏದುಸಿರು, ವಾಂತಿ ಬರುವಂತಾಗುವುದು ಇರುತ್ತದೆ. ಆದರೆ ಈ ಗುರುತುಗಳೆಲ್ಲ ಒಟ್ಟಿಗೇ ಬರಬೇಕೆಂದಿಲ್ಲ. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ, ಮುದುಕರಲ್ಲಿ ಬರೀ ಸುಸ್ತು, ಬರೀ ಅಜೀರ್ಣದಂತೆ ಕಾಣಿಸಿಕೊಂಡದ್ದೂ ಉಂಟು. ವೈದ್ಯರಿಗೇ ಕೆಲವು ಸಲ ಇಸಿಜಿ, ರಕ್ತಪರೀಕ್ಷೆ ಇಲ್ಲದೆ ಎರಡನ್ನೂ ಬೇರೆ ಮಾಡಿ ಹೇಳುವುದು ಕಷ್ಟ. ಕಟ್ಟೆಯ ಮೇಲೆ ಕೂತ ನಾವು ಹೇಗೆ ಹೇಳಿಯೇವು?

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡಾಗ ಹೊಸಪೇಟೆ ಅತ್ತದ್ದನ್ನು ನೋಡಿದ್ದೇವೆ. ಅವರ ಪುತ್ಥಳಿಯೂ ನಮ್ಮ ಹೊಸಪೇಟೆಯಲ್ಲಿದೆ. ಅವರದೇ ಹೆಸರಿನಲ್ಲಿ ರಾಜ್ಯ ಸರ್ಕಾರ 2023ರಲ್ಲಿ ಹೃದಯ ಜ್ಯೋತಿ ಯೋಜನೆ ಆರಂಭಿಸಿತು. ಎದೆನೋವೆಂದು ಸರ್ಕಾರಿ ಆಸ್ಪತ್ರೆಗೆ ಬಂದವರಿಗೆ ಕೂಡಲೇ ಇಸಿಜಿ ತೆಗೆದು, ಅದನ್ನು ದೂರದ ಹೃದ್ರೋಗ ತಜ್ಞರಿಗೆ ಕಳಿಸಿ, ಅಗತ್ಯವಿದ್ದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುವ ಏರ್ಪಾಡು ಅದರಲ್ಲಿದೆ. ಈ ಚುಚ್ಚುಮದ್ದು ಬೇಗ ಬಿದ್ದಷ್ಟೂ ಹೃದಯದ ಸ್ನಾಯು ಹೆಚ್ಚು ಉಳಿಯುತ್ತದೆ. ಸೋಡಾ ಕುಡಿದು, ಬೆನ್ನು ನೀವಿಸಿಕೊಂಡು, "ಬೆಳಿಗ್ಗೆ ನೋಡೋಣ" ಎಂದು ಮಲಗಿದರೆ ಆ ಹೊತ್ತೆಲ್ಲ ಕಳೆದುಹೋಗುತ್ತದೆ.

ನಲವತ್ತು ದಾಟಿದವರಿಗೆ, ಬಿಪಿ, ಸಕ್ಕರೆ ಕಾಯಿಲೆ, ಬೀಡಿಯ ಅಭ್ಯಾಸ ಇರುವವರಿಗೆ ಹೊಸದಾಗಿ ಎದೆಯಲ್ಲಿ ಉರಿಯೋ ಭಾರವೋ ಕಾಣಿಸಿದರೆ, ಅದರಲ್ಲೂ ಬೆವರು ಬಂದರೆ, 108ಕ್ಕೆ ಫೋನ್ ಮಾಡಿ. ಚಿಕ್ಕ ವಯಸ್ಸಿನವರಾದರೂ ಬೆವರು, ಏದುಸಿರು ಇದ್ದರೆ ಇದೇ ಮಾತು. ಬೈಕ್ ಹತ್ತಿ ತಾವೇ ಓಡಿಸಿಕೊಂಡು ಹೋಗಬಾರದು, ರೋಗಿಯನ್ನು ನಡೆಸಲೂ ಬಾರದು. ಆಸ್ಪತ್ರೆ ಮುಟ್ಟಿದ ಮೇಲೆ "ಗ್ಯಾಸ್ ಆಗೈತೆ" ಎನ್ನದೆ, "ಎದೆ ನೋವು, ಇಷ್ಟು ಗಂಟೆಗೆ ಶುರುವಾಯಿತು" ಎಂದು ಹೇಳಿ ಇಸಿಜಿ ಕೇಳಿ. ಅದರಲ್ಲಿ ಏನೂ ಇಲ್ಲವೆಂದಾದರೂ ನೋವು ಹಾಗೇ ಇದ್ದರೆ ಅಲ್ಲೇ ಕೂತಿರಿ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ತೆಗೆಯುತ್ತಾರೆ.